ಹೆಬ್ಬೆಟ್ಟಿನ ಗುರುತು: ಮರಳಿ ಬಂದ ಪ್ರೀತಿಯ ಸಸ್ಪೆನ್ಸ್ ಕಾದಂಬರಿಯೊಂದನ್ನು ತಿದ್ದಿದ ಪ್ರಕರಣ

ಬಾಗಲಕೋಟೆ ಜಿಲ್ಲೆಯ ಲೇಖಕಿಯೊಬ್ಬರ ಹಸ್ತಪ್ರತಿ ಮೂರು ಕರಡುಗಳಲ್ಲಿ ಹೇಗೆ ಬದಲಾಯಿತು ಎಂಬುದರ ದಾಖಲೆ ಇದು. ಲೇಖಕಿಯ ಒಪ್ಪಿಗೆ ಪಡೆದಿದೆ. ಅವರ ಹೆಸರು, ತಾಲ್ಲೂಕು, ಉದ್ಯೋಗ ಇಲ್ಲಿಲ್ಲ; ಪಾತ್ರಗಳ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದೆ. ತೀರ್ಮಾನಗಳನ್ನು ಮಾತ್ರ ಇದ್ದಂತೆಯೇ ಬಿಟ್ಟಿದೆ: ಕಥೆ ಎಲ್ಲಿ ಕೈಕೊಟ್ಟಿತು, ಏನು ಮಾಡಿದಾಗ ಇನ್ನಷ್ಟು ಕೆಟ್ಟಿತು, ಯಾವುದರಿಂದ ನಿಂತಿತು.

ಹಿನ್ನೆಲೆ

ಕಥೆ ನಡೆಯುವುದು 2019ರ ಬೇಸಿಗೆಯಲ್ಲಿ. ಜಾಗ ಮುಳುಗಡೆಯಾದವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರ, ಮತ್ತು ಆಲಮಟ್ಟಿ ಹಿನ್ನೀರಿಗೆ ಮುಳುಗಿದ, ಲೇಖಕಿ ಕಲ್ಪಿಸಿಕೊಂಡ ಒಂದು ಹಳ್ಳಿ. ನಾಯಕಿ ಸುವರ್ಣಾಳಿಗೆ 34 ವರ್ಷ. ನವನಗರದ ಒಂದು ಸೆಕ್ಟರಿನಲ್ಲಿ ಖಣ ಮಾರುತ್ತ ಕುಪ್ಪಸ ಹೊಲಿದುಕೊಡುವ ಅಂಗಡಿ ಅವಳದು. ನಾಯಕ ಬಸುವಿಗೆ 36. ಇಬ್ಬರ ನಿಶ್ಚಯಕ್ಕೆ ನಾಲ್ಕು ದಿನ ಇರುವಾಗ, 2007ರಲ್ಲಿ, ಒಂದು ಮಾತೂ ಹೇಳದೆ ಪುಣೆಗೆ ಹೋದವನು ಹನ್ನೆರಡು ವರ್ಷದ ಮೇಲೆ ತಾಯಿಗೆ ಹುಷಾರಿಲ್ಲವೆಂದು ಮರಳುತ್ತಾನೆ. ಅವನು ಬಂದ ವಾರವೇ ಸುವರ್ಣಾಳಿಗೆ ಬೆದರಿಕೆಯ ಕರೆಗಳು ಬರತೊಡಗುತ್ತವೆ. 2005ರಲ್ಲಿ ಕಾಣೆಯಾದ ಅವಳ ಕಾಕಾನ (ಚಿಕ್ಕಪ್ಪನ) ಗುರುತು ಹಿನ್ನೀರು ಇಳಿದ ಜಾಗದಲ್ಲಿ ಸಿಗುತ್ತದೆ.

ಮೊದಲ ಕರಡಿನಲ್ಲಿ 46 ಅಧ್ಯಾಯಗಳಿದ್ದವು, ಒಂದೊಂದೂ ಸುಮಾರು 1,300 ಪದ. ಮೊಬೈಲಿನಲ್ಲಿ ಧಾರಾವಾಹಿಯಾಗಿ ಓದುವವರಿಗೆ ಅದು ಹದವಾದ ಅಳತೆ. ಮಾತು ಬಾಗಲಕೋಟೆಯದೇ, ನವನಗರದ ನೇರ ರಸ್ತೆ, ಸೆಕ್ಟರಿನ ಸಂಖ್ಯೆಯಲ್ಲಿ ಹೇಳುವ ವಿಳಾಸ, ಮುಳುಗಡೆಯಾದವರು ಬಿಟ್ಟುಬಂದ ಮನೆಯ ಕಂಬ ಎಣಿಸುತ್ತ ಮಾತಾಡುವ ರೀತಿ, ಎಲ್ಲವೂ ಬಲ್ಲವರು ಬರೆದದ್ದೆಂದು ತಿಳಿಯುತ್ತಿತ್ತು. ಹಸ್ತಪ್ರತಿಯನ್ನು ಕೈಗೆತ್ತಿಕೊಳ್ಳಲು ಅದೇ ಕಾರಣ.

ತೊಂದರೆ

ಪ್ರಕಟಣೆಗೆ ಮುಂಚೆ ಹನ್ನೆರಡು ಜನರ ಓದುಗ ತಂಡಕ್ಕೆ ಕೊಟ್ಟಾಗ ಏಳು ಮಂದಿ 9 ಮತ್ತು 14ನೇ ಅಧ್ಯಾಯದ ನಡುವೆ ಬಿಟ್ಟರು. ಬಿಟ್ಟವರಲ್ಲಿ ಹೆಚ್ಚಿನವರು ಬೇರೆಬೇರೆ ಮಾತಿನಲ್ಲಿ ಒಂದನ್ನೇ ಹೇಳಿದ್ದರು: ಹನ್ನೆರಡು ವರ್ಷದ ಅಗಲಿಕೆಗೆ ಕೊಟ್ಟ ಕಾರಣ ಒಂದು ಫೋನಿಗೆ ಮುಗಿಯುವಂಥದ್ದು. ಆ ಕರಡಿನಲ್ಲಿ ಬಸು ಊರು ಬಿಟ್ಟದ್ದು ಯಾರೋ ಬಚ್ಚಿಟ್ಟ ಪತ್ರದಿಂದ. ಸುವರ್ಣಾಳ ಸೋದರಸಂಬಂಧಿಯೊಬ್ಬಳು ಅದನ್ನು ತಲುಪಿಸಿರಲಿಲ್ಲ. 2007ರಲ್ಲಿ ಇಬ್ಬರ ಕೈಯಲ್ಲೂ ಮೊಬೈಲ್ ಇತ್ತು.

ತಪ್ಪು ತಿಳಿವಳಿಕೆಯಿಂದ ಬೇರೆಯಾದವರನ್ನು ಮತ್ತೆ ಕೂಡಿಸಲು ತಿಳಿವಳಿಕೆ ಸರಿಯಾದರೆ ಸಾಕು. ಅಲ್ಲಿ ಕ್ಷಮಿಸುವುದಕ್ಕೆ ಏನೂ ಇಲ್ಲ. ಎರಡನೇ ಸಲದ ಪ್ರೀತಿಯ ಕಥೆಗೆ ಬರುವ ಓದುಗರು ಕಾಯುವುದು ಕ್ಷಮೆಗಾಗಿ, ಅದಕ್ಕೆ ಏನು ತೆರಬೇಕಾಗುತ್ತದೆ ಎಂದು ನೋಡುವುದಕ್ಕಾಗಿ. ಇಬ್ಬರೂ ಕೂಡುತ್ತಾರೆಂಬುದು ಅವರಿಗೆ ಮೊದಲ ಪುಟದಲ್ಲೇ ಗೊತ್ತಿರುತ್ತದೆ; ಅಪಾಯ ತೀರುತ್ತದೆಂಬುದೂ ಗೊತ್ತು. ಗೊತ್ತಿಲ್ಲದ್ದು ಬೆಲೆ ಒಂದೇ.

ಎರಡನೇ ದೋಷ ಪಟ್ಟಿ ಹಾಕಿದ ಮೇಲೆ ಕಂಡಿತು. ಇಡೀ ಕರಡನ್ನು ದೃಶ್ಯಗಳಾಗಿ ಬಿಡಿಸಿ, ಪ್ರತಿ ದೃಶ್ಯದ ಮುಂದೆ ‘ಪ್ರೀತಿ’, ‘ಭಯ’, ‘ಎರಡೂ’ ಎಂಬ ಮೂರರಲ್ಲಿ ಒಂದನ್ನು ಬರೆಯುವ ಕೆಲಸ ಅದು. 118 ದೃಶ್ಯಗಳಲ್ಲಿ 61 ಬರೀ ಪ್ರೀತಿ, 49 ಬರೀ ಭಯ, ಎರಡೂ ಇದ್ದದ್ದು ಎಂಟು. ಪ್ರೀತಿಯ ದೃಶ್ಯಗಳನ್ನೆಲ್ಲ ತೆಗೆದುಹಾಕಿದರೂ ಕೊಲೆಯ ಕಥೆ ನಿಲ್ಲುತ್ತಿತ್ತು. ಭಯದ ದೃಶ್ಯಗಳನ್ನು ತೆಗೆದರೂ ಪ್ರೇಮಕಥೆಗೆ ಕೊರತೆಯಿರಲಿಲ್ಲ. ಒಂದೇ ರಟ್ಟಿನೊಳಗೆ ಎರಡು ಪುಸ್ತಕ ಇದ್ದವು. ಖಳ ಬೆಂಗಳೂರಿನಿಂದ ಬಂದ ಭೂಮಾಫಿಯಾದವನು, 33ನೇ ಅಧ್ಯಾಯದವರೆಗೆ ಮುಖ ತೋರಿಸದವನು. ಊರಿಗೂ ಅವನಿಗೂ ಏನೂ ಸಂಬಂಧವಿಲ್ಲದ್ದರಿಂದ ಊರು ಬರೀ ಹಿನ್ನೆಲೆಯ ಚಿತ್ರವಾಗಿತ್ತು.

ಮೊದಲು ಮಾಡಿದ್ದು, ಕೆಟ್ಟದ್ದು

ಲೇಖಕಿ ಮೊದಲು ಅಪಾಯ ಹೆಚ್ಚಿಸಿದರು. ಎರಡನೇ ಹೆಣ, ಒಂದು ಅಪಹರಣ, ಆಲಮಟ್ಟಿ ಅಣೆಕಟ್ಟೆಯ ಮೇಲೆ ರಾತ್ರಿ ಓಡಾಟ. ಈ ಪ್ರಕಾರದಲ್ಲಿ ಬರೆಯುವವರಲ್ಲಿ ಬಹುಪಾಲು ಮಂದಿ ಮೊದಲು ಹಿಡಿಯುವ ದಾರಿ ಇದೇ, ಬಹುಪಾಲು ಸಲ ಇದು ಕೆಲಸ ಮಾಡುವುದಿಲ್ಲ. ಅಣೆಕಟ್ಟೆಗೆ ಕಾವಲಿದೆ, ರಾತ್ರಿ ಹಾಗೆ ಯಾರೂ ಮೇಲೆ ತಿರುಗಾಡುವಂತಿಲ್ಲ. ಜಿಲ್ಲೆಯ ಓದುಗರು ಅಲ್ಲೇ ನಂಬಿಕೆ ಕಳೆದುಕೊಂಡರು. ಅದಕ್ಕಿಂತ ದೊಡ್ಡ ಪೆಟ್ಟು ಪ್ರೀತಿಗೆ ಬಿತ್ತು. ಜೀವದ ಭಯದಲ್ಲಿರುವ ಹೆಂಗಸು ಹಳೆಯ ಮುನಿಸಿನ ಲೆಕ್ಕ ತೆಗೆಯುವುದು ಅಸಹಜವಾಗಿ ಕಂಡಿತು. ಬಸು ಅವಳನ್ನು ಮೂರು ಸಲ ಕಾಪಾಡಿದ, ಮೂರನೆಯ ಸಲ ಅವಳು ಕರಗಿದಳು. ಕಾಪಾಡಿದ್ದಕ್ಕೆ ಕೃತಜ್ಞತೆ ಹುಟ್ಟಬಹುದು. ನಿಶ್ಚಯಕ್ಕೆ ನಾಲ್ಕು ದಿನ ಮುಂಚೆ ಬಿಟ್ಟುಹೋದ ನೋವಿಗೆ ಅದರಿಂದ ಉತ್ತರ ಸಿಗುವುದಿಲ್ಲ.

ಆಮೇಲೆ ಹಳೆಯದನ್ನೆಲ್ಲ ಮುಂದೆ ತಂದು ಎಂಟು ಅಧ್ಯಾಯಗಳ ಕಾಲೇಜಿನ ದಿನಗಳಿಂದ ಪ್ರಾರಂಭಿಸಿ ನೋಡಿದ್ದಾಯಿತು. ಬಸು ಒಳ್ಳೆಯವನೆಂದು ಓದುಗರಿಗೆ ಮೊದಲೇ ಖಾತ್ರಿಯಾಗಿ, ಮುಂದೆ ಅವನ ಮೇಲೆ ಹುಟ್ಟಬೇಕಾದ ಸಂಶಯವೇ ಸತ್ತುಹೋಯಿತು. ಆ ಪ್ರಯತ್ನವನ್ನು ಬೇಗ ಕೈಬಿಟ್ಟರು.

ಗಂಟು ಒಂದೇ ಆದದ್ದು

ಕಥೆ ತಿರುಗಿದ್ದು ಒಂದು ಪ್ರಶ್ನೆಯಿಂದ: ಬಸು ಊರು ಬಿಟ್ಟ ಕಾರಣವೂ ಕಾಕಾ ಕಾಣೆಯಾದ ಕಾರಣವೂ ಒಂದೇ ಆದರೆ?

ಬಾಗಲಕೋಟೆಯ ಕಥೆಗೆ ಅಂಥ ಕಾರಣ ಹೊರಗಿನಿಂದ ತರಬೇಕಿಲ್ಲ. ಆಲಮಟ್ಟಿ ಅಣೆಕಟ್ಟೆ ಸೇರಿದ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಭೂಮಿ ಹೋದವರು 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಡಿ ಹೆಚ್ಚಿನ ಪರಿಹಾರ ಕೇಳಿ ವರ್ಷಗಟ್ಟಲೆ ಕೋರ್ಟಿಗೆ ಅಲೆದದ್ದು ಇಲ್ಲಿ ಮನೆಮನೆಯ ಅನುಭವ. ಕಾಕಾನ ಹೊಲ ಮುಳುಗಿದೆ, ಹೆಚ್ಚುವರಿ ಪರಿಹಾರ ಮಂಜೂರಾಗುವ ಹಂತದಲ್ಲಿದೆ. 2005ರ ಬೇಸಿಗೆಯಲ್ಲಿ, ನೀರು ಇಳಿದಾಗ ಹಳೇ ಊರಿನ ದೇವರಿಗೆ ಕಾಯಿ ಒಡೆಸಲು ಹೋದವ ಮರಳಲಿಲ್ಲ. 2007ರಲ್ಲಿ ಅವನ ಹೆಸರಿನಲ್ಲಿ ಯಾರೋ ಹಣ ಎತ್ತಿದರು. ಅದು ಬಯಲಾದ ಮೇಲೆ ಊರು ತೀರ್ಪು ಕೊಟ್ಟಿತು: ರೊಕ್ಕ ತಗೊಂಡು ಓಡಿಹೋದ, ಸಾಂಗ್ಲಿ ಕಡೆ ಮತ್ತೊಂದು ಸಂಸಾರ ಮಾಡ್ಯಾನ.

ಇಲ್ಲಿ ಕಾನೂನಿನ ಒಂದು ವಿವರ ಕಥೆಯನ್ನು ಗಟ್ಟಿ ಮಾಡಿತು. ಮೊದಲ ಕರಡಿನಲ್ಲಿ ಕಾಕಾ ಕಾಣೆಯಾದ ಮರುವರ್ಷವೇ ಮನೆಯವರು ವಾರಸುದಾರರಾಗಿ ಹಣ ಕೇಳುತ್ತಿದ್ದರು. ಅದು ಆಗದ ಮಾತು. ಆಗಿನ ಸಾಕ್ಷ್ಯ ಕಾಯ್ದೆಯ 108ನೇ ಕಲಮಿನ ಪ್ರಕಾರ, ಒಬ್ಬನ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಅವನ ಸುದ್ದಿಯೇ ಇಲ್ಲದಿದ್ದರೆ ಮಾತ್ರ ಅವನು ಬದುಕಿದ್ದಾನೆಂದು ಸಾಧಿಸುವ ಹೊಣೆ ಹಾಗೆ ಹೇಳುವವರ ಮೇಲೆ ಬೀಳುತ್ತದೆ. (2024ರ ಜುಲೈ 1ರಿಂದ ಆ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ; ಅಲ್ಲಿಂದ ಮುಂದೆ ನಡೆಯುವ ಕಥೆಯಾದರೆ ಅದನ್ನು ನೋಡಬೇಕು, ಕಲಮಿನ ಸಂಖ್ಯೆ ಬೇರೆ.) ಅಂದರೆ 2012ರವರೆಗೆ ಕಾಕಾ ಕಾಗದದ ಮೇಲೆ ಬದುಕಿದ್ದಾನೆ, ಅವನ ಹಣ ಮನೆಯವರಿಗೂ ಸಿಗುವುದಿಲ್ಲ. ಮೋಸಗಾರನಿಗೆ ಸಿಕ್ಕ ಸಂದಿ ಅದು. ಏಳು ವರ್ಷ ಕಾದು ಹೋಗಿ ಕೇಳಿದ ಮನೆಯವರಿಗೆ ಸಿಕ್ಕ ಉತ್ತರ, ನಿಮ್ಮ ಯಜಮಾನರು ಹಣ ಒಯ್ದು ಐದು ವರ್ಷವಾಯಿತು ಎಂದು.

ಸುಳಿವಿನ ಹುಡುಕಾಟ ಇದರ ಬೆನ್ನಿಗೇ ಬಂತು. ಹಣ ಪಡೆದ ಪಾವತಿಯ (ರಸೀದಿಯ) ಮೇಲೆ ಎಡಗೈ ಹೆಬ್ಬೆಟ್ಟಿನ ಗುರುತು ಇದೆ. ಕಾಕಾನ ಎಡಗೈ ಹೆಬ್ಬೆರಳು ಎಷ್ಟೋ ವರ್ಷ ಹಿಂದೆ ಮಹಾಲಿಂಗಪುರದ ಕಡೆ ಕಬ್ಬಿನ ಗಾಣಕ್ಕೆ ಸಿಕ್ಕಿ ಹೋಗಿತ್ತು. ಇದನ್ನು ಮುಚ್ಚಿಡದೆ, ಎಲ್ಲರೂ ನೋಡುವಂತೆ ಮೂರನೇ ಅಧ್ಯಾಯದಲ್ಲೇ ಇಟ್ಟರು, ಅದೂ ಪ್ರೀತಿಯ ನೆನಪಿನೊಳಗೆ. ಹುಡುಗ ಹುಡುಗಿ ಗಾಣದ ಹತ್ತಿರ ಕದ್ದು ಭೇಟಿಯಾದಾಗ ಕಾಕಾ ಬಂದುಬಿಡುತ್ತಾನೆ. ಬೈಯದೆ, ನಾಲ್ಕು ಬೆರಳಿನ ಕೈಯಲ್ಲಿ ಕಬ್ಬಿನ ಎಲೆಯ ಮೇಲೆ ಬಿಸಿ ಬೆಲ್ಲ ಹಿಡಿದು, ಇಬ್ಬರಿಗೂ ತಿನ್ನಲು ಕೊಟ್ಟು, ‘ನಾ ಏನೂ ನೋಡಿಲ್ಲಪಾ’ ಎಂದು ಹೋಗುತ್ತಾನೆ. ಓದುಗರು ಅದನ್ನು ಸಿಹಿ ದೃಶ್ಯವೆಂದೇ ಓದಿ ಮುಂದೆ ಸಾಗುತ್ತಾರೆ. ಹೆಬ್ಬೆಟ್ಟಿನ ಮಾತು ಬಂದಾಗ ಎಲ್ಲರಿಗೂ ಆ ಕೈ ನೆನಪಾಗುತ್ತದೆ. ಸುಳಿವನ್ನು ಅಡಗಿಸಲು ಓದುಗರು ಬೇರೊಂದು ಭಾವದಲ್ಲಿ ತೊಡಗಿರುವ ಜಾಗಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಪ್ರೇಮದ ಸಸ್ಪೆನ್ಸಿಗೆ ಇರುವ ದೊಡ್ಡ ಅನುಕೂಲವೂ ಅದೇ. ಬರೀ ಪತ್ತೇದಾರಿ ಕಥೆಗೆ ಅಂಥ ಜಾಗ ಸುಲಭಕ್ಕೆ ಸಿಗುವುದಿಲ್ಲ.

ಒಬ್ಬ ಓದುಗರು ಎತ್ತಿದ ಸಂಶಯ ನ್ಯಾಯವಾದದ್ದಾಗಿತ್ತು: ಇಷ್ಟು ಜನರಿಗೆ ಗೊತ್ತಿದ್ದ ಕೈ, ಹಾಗಾದರೆ ಯಾರೂ ಯಾಕೆ ಹಿಡಿಯಲಿಲ್ಲ? ಉತ್ತರ ಮುಳುಗಡೆಯಲ್ಲೇ ಇತ್ತು. ಒಂದೇ ಓಣಿಯವರು ಬೇರೆಬೇರೆ ಪುನರ್ವಸತಿ ಕೇಂದ್ರಕ್ಕೂ ನವನಗರದ ಬೇರೆಬೇರೆ ಸೆಕ್ಟರಿಗೂ ಚದುರಿದ್ದರು. ಆ ಕೈಯನ್ನು ಬಲ್ಲವರು ಯಾರೂ ಆ ಕಾಗದ ಇದ್ದ ಕೋಣೆಯಲ್ಲಿರಲಿಲ್ಲ, ಒಬ್ಬನನ್ನು ಬಿಟ್ಟರೆ. ಹಣ ಪಡೆದವನನ್ನು ‘ಇವರನ್ನು ನಾನು ಬಲ್ಲೆ’ ಎಂದು ಗುರುತಿಸಿ ಪಾವತಿಯ ಕೆಳಗೆ ಸಹಿ ಹಾಕಿದವನು ಬಸು.

ಲೇಖಕಿ ಹಿಂಜರಿದ ಜಾಗ

ಇದನ್ನು ಲೇಖಕಿ ಸುಲಭವಾಗಿ ಒಪ್ಪಲಿಲ್ಲ. ನಾಯಕ ತಪ್ಪು ಮಾಡಿದರೆ ಓದುಗರು ಅವನನ್ನು ಬಿಟ್ಟುಬಿಡುತ್ತಾರೆ ಎಂಬುದು ಅವರ ಅಂಜಿಕೆ. ಪಿಸ್ತೂಲು ತೋರಿಸಿ ಸಹಿ ಮಾಡಿಸಿದರೆಂದು ಬರೆದರು. ಹಾಗೆ ಮಾಡಿದರೆ ಅವನದು ತಪ್ಪೇ ಅಲ್ಲ, ಬಚ್ಚಿಟ್ಟ ಪತ್ರದ ಕಥೆಯೇ ಬೇರೆ ವೇಷದಲ್ಲಿ ಮರಳಿದಂತೆ. ಕೊನೆಗೆ ಉಳಿದ ರೂಪ ಇದು: ಬಸು ಪರಿಹಾರದ ಕೆಲಸ ಮಾಡಿಸಿಕೊಡುವ ಏಜೆಂಟನ ಹತ್ತಿರ ಟೈಪಿಂಗ್ ಮಾಡುತ್ತಿದ್ದ ಹುಡುಗ. ಮದುವೆಗೆ ಹಣ ಬೇಕು. ಏಜೆಂಟ ಕಾಗದ ಮುಂದಿಟ್ಟು, ಎಲ್ಲಾರೂ ಹಿಂಗs ಮಾಡ್ತಾರ, ಸಹಿ ಹಾಕು ಎನ್ನುತ್ತಾನೆ. ಬಸು ಹೆಬ್ಬೆಟ್ಟಿನ ಗುರುತು ನೋಡುತ್ತಾನೆ, ತಿಳಿಯುತ್ತದೆ, ಸಹಿ ಹಾಕುತ್ತಾನೆ. ಕೊಲೆಯ ವಿಷಯ ಅವನಿಗೆ ಗೊತ್ತಿಲ್ಲ. ಕೇಳಿದರೆ ಗೊತ್ತಾಗುತ್ತದೆಂಬುದು ಗೊತ್ತು, ಅದಕ್ಕೇ ಕೇಳುವುದಿಲ್ಲ. ಮೂರು ದಿನದ ನಂತರ ಸುವರ್ಣಾಳ ಮನೆಯಲ್ಲಿ ನಿಶ್ಚಯದ ಸೀರೆ ತೋರಿಸುತ್ತ ಅವಳ ಚಿಗವ್ವ (ಕಾಕಾನ ಹೆಂಡತಿ), ನಿಮ್ಮ ಕಾಕಾ ಇದ್ದಿದ್ರ ಎಷ್ಟು ಹಿಗ್ಗತಿದ್ರೋ ಎಂದಾಗ ಅವನಿಗೆ ಅಲ್ಲಿ ಕೂಡಲಾಗುವುದಿಲ್ಲ. ಮರುದಿನ ಊರಲ್ಲಿಲ್ಲ.

ಇದು ಸಣ್ಣ ತಪ್ಪಲ್ಲ, ಆದರೆ ಮನುಷ್ಯ ಮಾಡುವಂಥದ್ದು. ಎರಡನೇ ಅವಕಾಶಕ್ಕೆ ಬೇಕಾದ ಅಳತೆಯೂ ಅದೇ. ಇಪ್ಪತ್ನಾಲ್ಕರ ಹುಡುಗ ಹಾಗೆ ಮಾಡಿಯಾನು ಅನ್ನಿಸಬೇಕು, ಜೊತೆಗೆ ಅದರಿಂದ ಒಂದು ಮನೆ ಹನ್ನೆರಡು ವರ್ಷ ನವೆದದ್ದು ಕಾಣಬೇಕು.

ತಿಳಿಸುವುದು ಯಾವಾಗ

ಎಲ್ಲಕ್ಕಿಂತ ಹೆಚ್ಚು ಚರ್ಚೆ ನಡೆದದ್ದು ಇದರ ಮೇಲೆ. ಎರಡನೇ ಕರಡಿನಲ್ಲಿ ಸುವರ್ಣಾ ತಾನೇ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಪಾವತಿಯ ನಕಲು ತೆಗೆಸುತ್ತಾಳೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಬರಬೇಕು. ಕಥೆಗೆ ಅದು ಒಳ್ಳೆಯ ಗಡಿಯಾರ. ನಕಲಿನಲ್ಲಿ ಬಸುವಿನ ಸಹಿ ಕಂಡು ಅವಳು ಸಿಡಿಯುತ್ತಾಳೆ, ಅವನು ಅತ್ತು ಹೇಳಿಕೊಳ್ಳುತ್ತಾನೆ. ದೃಶ್ಯ ಜೋರಾಗಿತ್ತು. ಅದನ್ನು ಓದಿದ ಮೇಲೆ ಯಾರಿಗೂ ಇವರಿಬ್ಬರು ಕೂಡುವುದು ಬೇಡವಾಯಿತು. ಸಿಕ್ಕಿಬಿದ್ದವನ ಒಪ್ಪಿಗೆಗೆ ಬೆಲೆಯಿಲ್ಲ.

ತಿದ್ದಿ, ಉತ್ತರ ಬರುವುದಕ್ಕೆ ಎರಡು ದಿನ ಮುಂಚೆ ಅವನೇ ಹೇಳುವಂತೆ ಮಾಡಿದರು. ಓದುಗರು ಅದರಲ್ಲೂ ಲೆಕ್ಕಾಚಾರದ ವಾಸನೆ ಹಿಡಿದರು: ಕಾಗದ ಬರ್ತದಂತ ಗೊತ್ತಾಗಿ ಬಾಯಿಬಿಟ್ಟ. ಅವರ ಮಾತು ಸರಿ.

ಮೂರನೆಯ ರೂಪದಲ್ಲಿ ಬಸು ಹೇಳುವುದು 16ನೇ ಅಧ್ಯಾಯದಲ್ಲಿ. ಆಗ ಅವಳಿಗೆ ಅರ್ಜಿಯ ಯೋಚನೆಯೇ ಬಂದಿಲ್ಲ, ಅವನ ಮೇಲೆ ಸಂಶಯವೂ ಇಲ್ಲ. ನಿಜ ಹೇಳಬೇಕೆಂದರೆ ಅವಳ ಮನಸ್ಸು ಅವನ ಕಡೆ ಮತ್ತೆ ಹೊರಳುತ್ತಿರುವ ಹೊತ್ತು. ಹೇಳದಿದ್ದರೆ ಅವನಿಗೆ ಎಲ್ಲವೂ ಸಿಗುತ್ತಿತ್ತು. ‘ನಿಮ್ಮ ಕಾಕಾನ ರೊಕ್ಕದ ಪಾವತಿ ಮ್ಯಾಲೆ ನನ್ನ ಸಹಿ ಐತಿ. ಆ ಕಾಗದ ತಗಸು’ ಎಂದು, ಯಾವ ಕಚೇರಿಗೆ ಬರೆಯಬೇಕು, ಪ್ರಕರಣದ ಸಂಖ್ಯೆ ಏನು ಎಂಬುದನ್ನೂ ತಾನೇ ಬರೆದುಕೊಡುತ್ತಾನೆ. ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಅವಳ ಕೈಗೆ ಇಡುವುದು. ಮೊದಲ ಸಲ ಅವನು ಮಾಡದೆ ಹೋದದ್ದು ಇದನ್ನೇ: ಬಾಯಿ ಬಿಡಲಿಲ್ಲ, ಉಳಿಯಲಿಲ್ಲ. ಈ ಸಲ ಬಾಯಿ ಬಿಟ್ಟ, ಉಳಿದ. ಎಷ್ಟು ಬಾರಿ ಅವಳನ್ನು ಗೂಂಡಾಗಳಿಂದ ಬಿಡಿಸಿದರೂ ಈ ಕೆಲಸವಾಗುತ್ತಿರಲಿಲ್ಲ.

ಗುಟ್ಟು ಇಷ್ಟು ಬೇಗ ಒಡೆದರೆ ಉಳಿದ ಇಪ್ಪತ್ತು ಅಧ್ಯಾಯಕ್ಕೆ ಸಸ್ಪೆನ್ಸ್ ಎಲ್ಲಿ ಎಂದು ಲೇಖಕಿ ಕೇಳಿದರು. ಆದದ್ದು ಬೇರೆ. ಬಸು ಈಗ ಏಜೆಂಟನ ವಿರುದ್ಧ ಬದುಕಿರುವ ಒಬ್ಬನೇ ಸಾಕ್ಷಿ, ಅವನು ಹೇಳಿದ್ದು ಸುವರ್ಣಾಳಿಗೆ ಮಾತ್ರ ಗೊತ್ತು. ಅವಳಿಗೆ ಅವನ ಮೇಲೆ ಸಿಟ್ಟು, ಅವನ ಜೀವದ ಮೇಲೆ ಕಾಳಜಿ, ಎರಡನ್ನೂ ಒಟ್ಟಿಗೆ ಹೊರಬೇಕು. ಅಲ್ಲಿಂದ ಮುಂದೆ ‘ಬರೀ ಪ್ರೀತಿ’ ಎಂದು ಗುರುತು ಹಾಕುವ ದೃಶ್ಯಗಳೇ ಕಡಿಮೆಯಾದವು.

ಇದರ ಜೊತೆಗೇ ಕಥೆ ಹೇಳುವ ಕಣ್ಣನ್ನೂ ಬದಲಿಸಬೇಕಾಯಿತು. ಮೊದಲು ಬಸುವಿನ ಮನಸ್ಸಿನೊಳಗಿಂದಲೂ ಅಧ್ಯಾಯಗಳಿದ್ದವು, ಆದರೂ ಸಹಿಯ ವಿಷಯ ಅಲ್ಲಿ ಬರುತ್ತಿರಲಿಲ್ಲ. ಮನಸ್ಸಿನೊಳಗೆ ಕೂಡಿಸಿ ಅಲ್ಲಿರುವುದನ್ನೇ ಮುಚ್ಚಿಟ್ಟರೆ ಓದುಗರಿಗೆ ಮೋಸ. 15ನೇ ಅಧ್ಯಾಯದವರೆಗೆ ಸುವರ್ಣಾಳ ಕಣ್ಣಿನಿಂದ ಮಾತ್ರ, 16ರ ನಂತರ ಇಬ್ಬರದೂ ಎಂದು ನಿರ್ಧಾರವಾಯಿತು. ಪ್ರತಿ ಅಧ್ಯಾಯದ ಕೊನೆಗೆ ಓದುಗ, ಸುವರ್ಣಾ, ಬಸು, ಏಜೆಂಟ, ಯಾರಿಗೆ ಏನು ಗೊತ್ತು ಎಂದು ನಾಲ್ಕು ಕಂಬಸಾಲಿನ ಪಟ್ಟಿ ಬರೆದಿಟ್ಟರು. ಎರಡು ಅಧ್ಯಾಯ ಸಾಲಾಗಿ ನಾಲ್ಕೂ ಕಂಬಸಾಲು ಬದಲಾಗದೆ ಉಳಿದರೆ, ಅವೆರಡರಲ್ಲಿ ಒಂದು ಹೋಗಬೇಕು.

ಸಂಬೋಧನೆಯೂ ಇಲ್ಲೇ ಸರಿಹೋಯಿತು. ಮೊದಲ ಭೇಟಿಯಲ್ಲೇ ಅವಳು ‘ನೀ ಯಾಕ ಬಂದಿ’ ಎನ್ನುತ್ತಿದ್ದಳು, ಅದು ಇನ್ನೂ ಸಲಿಗೆಯಿದೆ ಎಂದಂತೆ. ಈಗ ಅಂಗಡಿಗೆ ಬಂದ ಗಿರಾಕಿಗೆ ಕೇಳುವಂತೆ, ‘ಯಾವಾಗ ಬಂದ್ರಿ?’ ಅವನಿಗೆ ಇದಕ್ಕಿಂತ ಕಠಿಣವಾದದ್ದು ಅವಳು ಏನೂ ಅನ್ನಬೇಕಿಲ್ಲ. ‘ನೀ’ ಮರಳುವುದು ಅವನು ಸಹಿಯ ವಿಷಯ ಹೇಳಿದ ರಾತ್ರಿ, ಸಿಟ್ಟಿನಲ್ಲಿ.

ಖಳನಿಗೆ ಊರಿನ ಮುಖ

ಬೆಂಗಳೂರಿನ ಮಾಫಿಯಾದವನನ್ನು ತೆಗೆದು, ಫೈಲು ಓಡಿಸಿಕೊಡುವ ಈ ಏಜೆಂಟನನ್ನು ತಂದರು. ಇವನು ನಾಲ್ಕನೇ ಅಧ್ಯಾಯದಲ್ಲೇ ಬರುತ್ತಾನೆ. ಎಲ್ಲರ ಮದುವೆಯಲ್ಲೂ ಇರುತ್ತಾನೆ, ಸುವರ್ಣಾಳ ತಮ್ಮನ ಕಾಲೇಜು ಫೀ ಕಟ್ಟಿದ್ದಾನೆ. ಬಸು ಸುವರ್ಣಾಳ ನಿಶ್ಚಯದ ಮಾತುಕತೆ ನಡೆಸಿದವನೂ ಇವನೇ. ಅನಾಮಧೇಯ ಕರೆಗಳನ್ನು ಪೂರ್ತಿ ಕಿತ್ತುಹಾಕಿದರು. ಬೆದರಿಕೆ ಈಗ ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಬರುತ್ತದೆ: ‘ತಮ್ಮನ ನೌಕರಿ ಫೈಲ್ ಸಾಹೇಬ್ರ ಟೇಬಲ್ ಮ್ಯಾಲೆ ಐತಿ ತಂಗಿ, ನಾ ನೋಡ್ತೇನಿ. ಮಳಿಗಾಲ ಬಂತು, ಹೊಳಿ ಕಡೆ ಭಾಳ ಅಡ್ಡಾಡಬ್ಯಾಡ.’ ಸಣ್ಣ ಊರಿನಲ್ಲಿ ಹೆದರಿಸುವವನಿಗೆ ಧ್ವನಿ ಬದಲಿಸಿ ಫೋನ್ ಮಾಡುವ ಅಗತ್ಯವಿಲ್ಲ. ಅವನು ಮಾಡಿದ ಉಪಕಾರಗಳೇ ಸಾಕು.

ನೀರಿನ ಗಡಿಯಾರ

ಲೇಖಕಿ 2019ನ್ನು ಆರಿಸಿದ್ದು ಆಗಸ್ಟಿನ ಪ್ರವಾಹಕ್ಕಾಗಿ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದ ವರ್ಷ ಅದು. ಕ್ಲೈಮ್ಯಾಕ್ಸಿಗೆ ಪ್ರವಾಹ ಬೇಕೆಂದಿದ್ದರು. ಸಂಪಾದಕರು ಬೇಡವೆಂದರು. ಮನೆ ಕಳೆದುಕೊಂಡವರು ಇನ್ನೂ ಊರಲ್ಲಿದ್ದಾರೆ, ಅವರ ಸಂಕಟ ಇಬ್ಬರು ಪ್ರೇಮಿಗಳ ಅಪ್ಪುಗೆಗೆ ಹಿಂದಿನ ಪರದೆಯಾಗಬಾರದು. ಅಷ್ಟು ದೊಡ್ಡ ಪ್ರವಾಹದ ಮುಂದೆ ಒಂದು ಪಾವತಿಯ ಕಾಗದವೂ ನಿಲ್ಲುವುದಿಲ್ಲ.

ಆದರೆ ವರ್ಷ ಸರಿಯಾದದ್ದೇ ಆಗಿತ್ತು, ಬೇರೆ ಕಾರಣಕ್ಕೆ. ಆ ಬೇಸಿಗೆಯಲ್ಲಿ ಕೃಷ್ಣೆಯ ದಂಡೆಯ ಊರುಗಳೂ ನೀರಿಗೆ ಪರದಾಡಿದ್ದವು. ಆಲಮಟ್ಟಿ ತುಂಬಿದಾಗಿನ ಮಟ್ಟ 519.60 ಮೀಟರ್, ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿಯುತ್ತ ಮುಳುಗಿದ ಊರುಗಳ ಅಡಿಪಾಯ ಕಾಣುತ್ತದೆ. ಪ್ರತಿ ವರ್ಷ ಕಾಣದ ತಗ್ಗಿನ ಬಾವಿಯೊಂದು ಈ ವರ್ಷ ಕಂಡಿತು ಎಂದರೆ, ಹದಿನಾಲ್ಕು ವರ್ಷ ಯಾರಿಗೂ ಸಿಗದ್ದು ಈಗ ಯಾಕೆ ಸಿಕ್ಕಿತು ಎಂಬುದಕ್ಕೆ ಉತ್ತರವಾಯಿತು. ಸಹ್ಯಾದ್ರಿಯಲ್ಲಿ ಮಳೆ ಹಿಡಿದು ಜುಲೈನಲ್ಲಿ ಒಳಹರಿವು ಬಂದರೆ ಬಾವಿ ಮತ್ತೆ ಮುಚ್ಚುತ್ತದೆ. ಮೇ ಕೊನೆಗೆ ಅರ್ಜಿ, ಜೂನ್ ಕೊನೆಗೆ ಉತ್ತರ, ಆಮೇಲೆ ದೂರು, ಆಮೇಲೆ ಬಾವಿ ತೆಗೆಸುವ ಓಡಾಟ. ಏಜೆಂಟ ಯಾರನ್ನೂ ಓಡಿಸಿಕೊಂಡು ಹೋಗಬೇಕಿಲ್ಲ. ಅವನು ತಡ ಮಾಡಿಸಿದರೆ ಸಾಕು, ಉಳಿದದ್ದನ್ನು ನೀರು ಮಾಡುತ್ತದೆ. ಮೂರು ವಾರ ಅವನು ಮಾಡುವುದು ಬರೀ ಅದನ್ನೇ: ಒಂದು ಸಹಿ ಬಾಕಿ, ಒಬ್ಬ ಸಾಹೇಬರು ರಜೆ.

ಇದು ರೊಮ್ಯಾಂಟಿಕ್ ಸಸ್ಪೆನ್ಸ್ ಆದ್ದರಿಂದ ಮೈಗೆ ತಟ್ಟುವ ಅಪಾಯವೂ ಬೇಕು. ಒಂದೇ ಒಂದು ರಾತ್ರಿ ಇಟ್ಟರು. ಬಾವಿಯ ಹತ್ತಿರ ಕಾವಲು ಕೂತ ಬಸು, ಅವನಿಗೆ ಬುತ್ತಿ ಒಯ್ದ ಸುವರ್ಣಾ. ಹಳೆಯ ಕರಡಿನಲ್ಲಿ ಮನೆಯೆತ್ತರದ ಅಲೆ ನುಗ್ಗಿಬರುತ್ತಿತ್ತು. ಹಿನ್ನೀರು ಹಾಗೆ ಬರುವುದಿಲ್ಲ. ಸದ್ದಿಲ್ಲದೆ ಏರುತ್ತದೆ, ಮೊದಲು ಹಳ್ಳಕೊಳ್ಳಗಳಲ್ಲಿ ತುಂಬುತ್ತದೆ; ಎತ್ತರದಲ್ಲಿ ನಿಂತವನ ಕಾಲ ಕೆಳಗೆ ಇನ್ನೂ ಒಣ ನೆಲ, ಹಿಂದಿನ ದಾರಿ ಆಗಲೇ ಮುಳುಗಿರುತ್ತದೆ. ಹಾಗೆ ಬರೆದ ಮೇಲೆ ಓದುಗ ತಂಡದಲ್ಲಿ ಆ ಅಧ್ಯಾಯವನ್ನು ಯಾರೂ ಅರ್ಧಕ್ಕೆ ಇಡಲಿಲ್ಲ.

ಬಾವಿಯಲ್ಲಿ ಹೆಬ್ಬೆರಳಿಲ್ಲದ ಅಸ್ಥಿ ಸಿಕ್ಕು ಎಲ್ಲವೂ ಸಾಬೀತಾಗಲಿ ಎಂಬ ಆಸೆ ಲೇಖಕಿಗಿತ್ತು. ಹೂಳಿನಲ್ಲಿ ಹದಿನಾಲ್ಕು ವರ್ಷ ಕಳೆದರೆ ಕೈಯ ಸಣ್ಣ ಎಲುಬುಗಳು ಬಿಡಿಬಿಡಿಯಾಗಿ ಚದುರಿರುತ್ತವೆ; ಒಂದು ಬೆರಳು ಇಲ್ಲದ್ದರಿಂದ ಏನೂ ಸಿದ್ಧವಾಗುವುದಿಲ್ಲ. ಡಿಎನ್ಎ ವರದಿ ಮರುದಿನವೇ ಬಂದುಬಿಡುವುದನ್ನೂ ತೆಗೆದರು. ಮೋಸದ ಪುರಾವೆ ಕಾಗದವೇ: ಬದುಕಿದ್ದರೂ ಕಾಕಾ ಆ ಗುರುತು ಒತ್ತಲು ಸಾಧ್ಯವೇ ಇರಲಿಲ್ಲ. ಬಾವಿ ಹೇಳುವುದು ಕಾಕಾ ಎಲ್ಲಿಗೂ ಓಡಿಹೋಗಿರಲಿಲ್ಲ ಎಂಬುದನ್ನು.

ಚಿಗವ್ವನ ಮನೆ

ಎರಡನೇ ಕರಡು ಓದಿದ ಹೆಂಗಸರಲ್ಲಿ ಬಹಳಷ್ಟು ಮಂದಿ ಇಲ್ಲದ ಒಂದು ದೃಶ್ಯವನ್ನು ಕೇಳಿದರು. ಸುವರ್ಣಾ ಕ್ಷಮಿಸಿದಳು, ಸರಿ. ಕಾಕಾನ ಹೆಂಡತಿ? ಹದಿನಾಲ್ಕು ವರ್ಷ ಕುಂಕುಮ ಹಚ್ಚಿಕೊಂಡು, ಓಡಿಹೋದವನ ಹೆಂಡತಿ ಎಂದು ಅನ್ನಿಸಿಕೊಂಡು ಬದುಕಿದವಳು. ಅವಳಿಗಾದ ಅನ್ಯಾಯವನ್ನು ಸುವರ್ಣಾ ಹೇಗೆ ಮನ್ನಿಸಲಾದೀತು?

ಲೇಖಕಿ ಈ ದೃಶ್ಯವನ್ನು ಉಳಿದ ಯಾವುದಕ್ಕಿಂತ ಹೆಚ್ಚು ಸಲ ಬರೆದರು. ಮೊದಲ ರೂಪದಲ್ಲಿ ಚಿಗವ್ವ ಅತ್ತು ಬಸುವನ್ನು ತಬ್ಬಿಕೊಂಡಳು. ಅದು ಬರೆಯುವವರ ಬಯಕೆ ಮಾತ್ರವಾಗಿತ್ತು. ಇನ್ನೊಂದರಲ್ಲಿ ಶಾಪ ಹಾಕಿದಳು, ಅದು ನಾಟಕದಂತಾಯಿತು. ಉಳಿದ ರೂಪದಲ್ಲಿ ಅವಳು ಸಜ್ಜೆ ಹಸನ ಮಾಡುತ್ತ ಕೂತಿದ್ದಾಳೆ, ಕೊನೆಯವರೆಗೂ ಮೊರ ಕೆಳಗಿಡುವುದಿಲ್ಲ. ಬಸು, ಕೊಲೆಯ ವಿಷಯ ನನಗ ಗೊತ್ತಿರಲಿಲ್ಲ ಚಿಗವ್ವ ಎನ್ನುತ್ತಾನೆ. ‘ಗೊತ್ತಿರಲಿಲ್ಲ ಅನಬ್ಯಾಡ. ಕೇಳಲಿಲ್ಲ ಅನ್ನು’ ಎನ್ನುತ್ತಾಳೆ ಅವಳು. ಇಡೀ ಕಾದಂಬರಿಯಲ್ಲಿ ಬಸುವಿನ ತಪ್ಪನ್ನು ಇಷ್ಟು ಸರಿಯಾಗಿ ಹೆಸರಿಡುವ ಮಾತು ಇನ್ನೊಂದಿಲ್ಲ. ಕ್ಷಮಿಸಿದೆ ಎಂದೂ ಇಲ್ಲ ಎಂದೂ ಅವಳು ಹೇಳುವುದಿಲ್ಲ. ಅವನು ಹೊರಡುವಾಗ, ಪೋಲೀಸ್ರ ಮುಂದ ಇದನ್ನs ಹೇಳ್ತಿ? ಎಂದಷ್ಟೇ ಕೇಳುತ್ತಾಳೆ. ಅವನು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಲು ಹೋಗುವುದು ಆ ಪ್ರಶ್ನೆಗೆ ಉತ್ತರವಾಗಿ. ಹೇಳಿಕೆ ಕೊಟ್ಟರೆ ಸುಳ್ಳು ಸಹಿಯ ಆರೋಪ ತನ್ನ ಮೇಲೂ ಬರುತ್ತದೆಂದು ತಿಳಿದೇ ಹೋಗುತ್ತಾನೆ.

ಈ ದೃಶ್ಯ ಬಂದ ಮೇಲೆ ಮದುವೆಯಲ್ಲಿ ಮುಗಿಯುತ್ತಿದ್ದ ಕೊನೆ ಉಳಿಯಲಿಲ್ಲ. ಈಗಿನ ಕೊನೆಯಲ್ಲಿ ಬಸು ಜಾಮೀನಿನ ಮೇಲಿದ್ದಾನೆ, ಮೊಕದ್ದಮೆ ಮುಗಿದಿಲ್ಲ. ಸುವರ್ಣಾ ಹಗಲು ಹೊತ್ತಿನಲ್ಲಿ, ಸಂತೆಯ ದಿನ, ಅವನ ಜೊತೆ ಮಾರ್ಕೆಟ್ಟಿಗೆ ನಡೆದುಹೋಗುತ್ತಾಳೆ. ನವನಗರದಂಥ ಊರಿನಲ್ಲಿ ಅದಕ್ಕಿಂತ ದೊಡ್ಡ ಘೋಷಣೆ ಬೇಕಾಗುವುದಿಲ್ಲ.

ಫಲಿತಾಂಶ

ಮೂರನೇ ಕರಡು 38 ಅಧ್ಯಾಯಕ್ಕೆ ಇಳಿಯಿತು. 94 ದೃಶ್ಯಗಳಲ್ಲಿ ಪ್ರೀತಿಯೂ ಭಯವೂ ಕೂಡಿದವು 52. ಮೊದಲು ಓದದ ಹನ್ನೆರಡು ಜನರ ಹೊಸ ತಂಡದಲ್ಲಿ ಒಂಬತ್ತು ಮಂದಿ ಕೊನೆಯವರೆಗೆ ಓದಿದರು. ಬಿಟ್ಟ ಮೂವರೂ ಬಿಟ್ಟದ್ದು 27ರಿಂದ 29ರ ನಡುವೆ: ಕಚೇರಿಯಿಂದ ಕಚೇರಿಗೆ ಅಲೆದಾಟ ತುಸು ಹೆಚ್ಚಾಗಿ, ಎರಡು ಅಧ್ಯಾಯಗಳಲ್ಲಿ ಸುವರ್ಣಾ ಬಸು ಎದುರುಬದುರಾಗುವುದೇ ಇಲ್ಲ. ಧಾರಾವಾಹಿಯಾಗಿ ಬಂದಾಗಲೂ ಅದೇ ಜಾಗದಲ್ಲಿ ಓದುಗರು ಗೊಣಗಿದರು. ಮದುವೆ ಯಾಕಿಲ್ಲ ಎಂದು ಕೇಳಿದವರೂ ಇದ್ದರು. ಅದಕ್ಕೆ ಲೇಖಕಿ ಕೊನೆಯನ್ನು ಬದಲಿಸಲಿಲ್ಲ, ಸರಿಯಾಗಿಯೇ ಮಾಡಿದರು.

ಇನ್ನೂ ಸರಿಯಾಗದ ಒಂದು ದೋಷವಿದೆ. ಏಜೆಂಟ ಮೋಸ ಮಾಡಿದ್ದು ನಂಬುವಂತಿದೆ, ಆದರೆ ಅವನು ಕಾಕಾನನ್ನು ಕೊಂದದ್ದಕ್ಕೆ ಕಾರಣ ತೆಳುವಾಗಿದೆ. ಹಣಕ್ಕಾಗಿ ಎಂದಷ್ಟೇ ಇದೆ. ಅಷ್ಟು ವರ್ಷ ಊರಿನವರ ಒಳಿತು ಮಾಡಿಕೊಂಡು ಬಂದವನು ಅಷ್ಟಕ್ಕೇ ಕೊಲೆಗೆ ಕೈ ಹಾಕಿದ ಎಂದರೆ ಒಪ್ಪುವುದು ಕಷ್ಟ. ಪುಸ್ತಕ ರೂಪಕ್ಕಾಗಿ ಈಗ ನಡೆಯುತ್ತಿರುವ ತಿದ್ದುಪಡಿಯಲ್ಲಿ 27 ಮತ್ತು 28ನ್ನು ಕೂಡಿಸಿ ಒಂದು ಮಾಡುತ್ತಿದ್ದಾರೆ. ಅಲ್ಲಿ ಉಳಿಯುವ ಜಾಗಕ್ಕೆ ಚಿಗವ್ವನ ನೆನಪೊಂದು ಬರುತ್ತದೆ: ಕಾಕಾ ಹಳೇ ಊರಿಗೆ ಹೊರಡುವ ಹಿಂದಿನ ದಿನ ಏಜೆಂಟ ಮನೆಗೆ ಬಂದು ಉಂಡುಹೋದದ್ದು, ಬೇರೆಯವರ ಕಾಗದಗಳ ಬಗ್ಗೆ ಇಬ್ಬರಲ್ಲೂ ಮಾತು ಬೆಳೆದದ್ದು, ತಾನು ಒಳಗೆ ರೊಟ್ಟಿ ಬಡಿಯುತ್ತಿದ್ದುದರಿಂದ ಪೂರ್ತಿ ಕೇಳಿಸದೆ ಹೋದದ್ದು.